ಒಂದು ಕೂದಲಿನಷ್ಟು ಕೆಳಗೆ

ಚಿಕ್ಕಮ್ಮನ ವಿಯೋಲದ ತಂತಿಗಳ ಮೇಲೆ ಕೂತಿದ್ದ, ಕಮಾನಿನ ರಾಳದ ಬಿಳಿ ಪುಡಿಯನ್ನು ಅವಳು ಬೆಳಿಗ್ಗೆ ಎದ್ದವಳೇ ಹಳೆಯ ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದಳು. ದಪ್ಪ ತಂತಿಯಿಂದ ಶುರುಮಾಡಿ ತೆಳು ತಂತಿಯವರೆಗೆ, ಒಂದೊಂದಕ್ಕೂ ಬಟ್ಟೆಯ ಬೇರೆ ಬೇರೆ ಮೂಲೆ. ಬಟ್ಟೆ ಜೋರಾಗಿ ಎಳೆದರೆ ತಂತಿ ಕೀಚಲು ದನಿ ಮಾಡುತ್ತದೆ. ಅದಕ್ಕೇ ಇನ್ನೊಂದು ಅಂಗೈಯನ್ನು ತಂತಿಗಳ ಮೇಲೆ ಮೆತ್ತಗೆ ಒತ್ತಿ ಹಿಡಿದು, ನಿದ್ದೆಹೋದ ಮಗುವಿನ ಮುಖ ಒರೆಸುವ ಹಾಗೆ ಒರೆಸುತ್ತಿದ್ದಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಚಿಕ್ಕಮ್ಮ ಎದ್ದೇ ಇದ್ದಾಳೆ ಅನ್ನುವುದು ಮಂಚದ ಸದ್ದಿನಿಂದ ಗೊತ್ತಾಗುತ್ತಿತ್ತು. ನಿನ್ನೆ ಸಂಜೆಯಿಂದ ಚಿಕ್ಕಮ್ಮ ಮಾತಾಡಿರಲಿಲ್ಲ. ಸಿಟ್ಟಿನಿಂದ ಮಾತು ಬಿಟ್ಟವರಾದರೆ ಪಾತ್ರೆ ಕುಕ್ಕುತ್ತಾರೆ, ಬೀರುವಿನ ಬಾಗಿಲು ದಢಾರೆನ್ನಿಸುತ್ತಾರೆ. ಚಿಕ್ಕಮ್ಮ ಪಾತ್ರೆಗಳನ್ನು ಬೇರೆ ಯಾರದೋ ಮನೆಯ ಪಾತ್ರೆಗಳೆಂಬಂತೆ ತೊಳೆದು ಬೋರಲು ಹಾಕಿ ಹೋಗಿ ಮಲಗಿದ್ದಳು. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದು ಯಾವಾಗಲೂ ಸ ಸ್ವರದ ಹತ್ತಿರ ಬಂದು, ಸ ಆಗದೆ, ಸ್ವಲ್ಪ ಕೆಳಗೇ ನಿಂತುಬಿಡುತ್ತದೆ. ಚಿಕ್ಕವಳಿದ್ದಾಗ ಅದು ಪಾಪ ಮೇಲಕ್ಕೆ ಹತ್ತಲು ಒದ್ದಾಡುತ್ತಿದೆ ಅನ್ನಿಸಿ ಅದರ ಬಾಗಿಲಿಗೆ ಕಿವಿಯಿಟ್ಟು ನಿಂತುಬಿಡುತ್ತಿದ್ದಳು. ಚಿಕ್ಕಮ್ಮ ಆಗ ನಗುತ್ತಿದ್ದಳು. ಬೇರೆಯವರ ಎದುರು, ‘ನಮ್ಮ ಮರಿಗೆ ಕಿವಿ ಮಾತ್ರ ದೇವರು ಎರಡು ಜಾಸ್ತಿ ಕೊಟ್ಟ, ಬಾಯಿ ಕೊಡೋದು ಮರೆತ’ ಅನ್ನುತ್ತಿದ್ದಳು.

ಬಾಯಿ ಇಲ್ಲದ್ದು ನಿನ್ನೆ ಎಷ್ಟು ಸಲೀಸಾಗಿ ಕೆಲಸಕ್ಕೆ ಬಂತು. ಅಭ್ಯಾಸ ಮಾಡುವ ಹಾಲಿನಲ್ಲಿ ನಾಲ್ಕು ಕುರ್ಚಿ, ನಾಲ್ಕು ಜನ. ಎರಡು ಪಿಟೀಲು, ನೆಲಕ್ಕೆ ನಿಲ್ಲಿಸಿಕೊಂಡು ನುಡಿಸುವ ದಪ್ಪ ದನಿಯ ಒಂದು ಚೆಲ್ಲೋ, ಪಿಟೀಲಿಗಿಂತ ತುಸು ದೊಡ್ಡದಾದ ಚಿಕ್ಕಮ್ಮನ ವಿಯೋಲ. ಹತ್ತೊಂಬತ್ತು ವರ್ಷದಿಂದ ಬಾಗಿಲ ಕಡೆಯ ಕುರ್ಚಿ ಚಿಕ್ಕಮ್ಮನದು, ಅದರ ಒಂದು ಕಾಲು ಗಿಡ್ಡ ಅಂತ ಅದಕ್ಕೆ ಮಡಿಚಿಟ್ಟ ರಟ್ಟೂ ಚಿಕ್ಕಮ್ಮನದೇ. ಹೊಸ ರಚನೆಯ ನಡುವೆ ಒಂದು ಜಾಗ ಬರುತ್ತದೆ. ಪಿಟೀಲು ಎರಡೂ ನಿಂತುಹೋಗಿ ಚೆಲ್ಲೋದ ಸ ಒಂದೇ ಉಳಿಯುತ್ತದೆ, ಅದರ ಮೇಲೆ ವಿಯೋಲದ ತೆಳು ತಂತಿ, ಬೆರಳೇ ಇಡದೆ, ಎಂಟು ಎಣಿಸುವಷ್ಟು ಹೊತ್ತು ಒಂದೇ ದ. ಗುಂಪು ನಡೆಸುವ, ಮೊದಲ ಪಿಟೀಲಿನ ಮೇಷ್ಟ್ರು ಮೊದಲ ಸಲ, ‘ಒಂದು ಕೂದಲು ಮೇಲಿದ್ದೀರಿ’ ಅಂದರು. ಎರಡನೇ ಸಲವೂ ಅದನ್ನೇ ಅಂದರು. ಮೂರನೇ ಸಲ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು, ‘ವಯಸ್ಸಾದ್ಮೇಲೆ ಮೊದಲು ಕಣ್ಣು ಹೋಗುತ್ತೆ ಅಂತಾರೆ. ನಮ್ಮಂಥೋರಿಗೆ ಕಿವಿ ಹೋಗುತ್ತಮ್ಮ’ ಅಂದರು. ಆಮೇಲೆ ಗೋಡೆಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಅವಳ ಕಡೆ ತಿರುಗಿದರು. ‘ನೀನು ಬರೆದ ಚೀಟಿ ಸರಿ ಇದೆ ತಾನೇ?’

ಅವಳು ತಲೆಯಾಡಿಸಿದಳು.

ಎಂಟನೇ ತರಗತಿಯಲ್ಲಿ ಲೆಕ್ಕದ ಟೀಚರು ಅವಳನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ‘ಎಂಟರಲ್ಲಿ ಒಂದು ದೊಡ್ಡದೋ, ಒಂಬತ್ತರಲ್ಲಿ ಒಂದು ದೊಡ್ಡದೋ?’ ಅಂತ ಕೇಳಿದಾಗಲೂ ಅವಳು ತಲೆಯಾಡಿಸಿದ್ದಳು. ಹೌದು ಅಂತ. ಇಡೀ ತರಗತಿ ನಕ್ಕಿತ್ತು. ಟೀಚರೂ ನಕ್ಕು ಅವಳ ಕೈಯಿಂದ ಸೀಮೆಸುಣ್ಣ ತೆಗೆದು ಪಕ್ಕದವಳಿಗೆ ಕೊಟ್ಟಿದ್ದರು. ಬೆರಳಿಗೆ ಹತ್ತಿದ್ದ ಸುಣ್ಣದ ಪುಡಿಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಅವಳು ಮನೆಯವರೆಗೂ ನಡೆದಿದ್ದಳು. ಮರುವರ್ಷ ಶಾಲೆಗೆ ಹೋಗಲೇ ಇಲ್ಲ. ಈಗ ಬಟ್ಟೆಯ ಮೂಲೆಯಲ್ಲಿದ್ದ ರಾಳದ ಪುಡಿಯೂ ಅಷ್ಟೇ ಬೆಳ್ಳಗಿತ್ತು. ಆ ಎಂಟು ಒಂಬತ್ತರ ಲೆಕ್ಕವೇ ಈಗ ಅವಳ ಅನ್ನ. ವಾದ್ಯ ರಿಪೇರಿ ಅಂಗಡಿಯಲ್ಲಿ ಗುಡಿಸುವ ಕೆಲಸಕ್ಕೆ ಸೇರಿ, ತಂತಿ ಕಟ್ಟುವುದು ಕಲಿತು, ಒಂದು ದಿನ ಮೇಷ್ಟ್ರ ಪಿಟೀಲಿಗೆ ತಂತಿ ಹಾಕಿ ಕೊಡುವಾಗ, ಯಾರೂ ಕೇಳದಿದ್ದರೂ, ‘ಇದು ಪಕ್ಕದ್ದರ ಜೊತೆ ಸೇರ್ತಿಲ್ಲ’ ಅಂದುಬಿಟ್ಟಿದ್ದಳು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ್ದರು. ಅಂಗಡಿಯ ಯಜಮಾನರು ಅವಳಿಗೆಂದು ಒಂದು ಹಲಗೆ ಮಾಡಿಕೊಟ್ಟರು. ತೊಂಬತ್ತು ಸೆಂಟಿಮೀಟರಿನ ಎರಡು ತಂತಿ. ಒಂದು ಸುಮ್ಮನೆ ಸ ಅನ್ನುತ್ತಿರುತ್ತದೆ, ಇನ್ನೊಂದರ ಕೆಳಗೆ ಅತ್ತಿತ್ತ ಜಾರಿಸಬಹುದಾದ ಪುಟ್ಟ ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಮರದ ತುಂಡು. ಅರವತ್ತಕ್ಕೆ ಜಾರಿಸಿದರೆ ಪ. ಎಂಬತ್ತಕ್ಕೆ ರಿ. ಎಪ್ಪತ್ತೆರಡಕ್ಕೆ ಗ. ಎರಡು ದನಿ ಸರಿಯಾಗಿ ಕೂಡಿಕೊಂಡಾಗ ನಡುವಿನ ನಡುಕ ನಿಂತುಹೋಗಿ ಕೋಣೆಯೇ ಉಸಿರು ಹಿಡಿದ ಹಾಗಾಗುತ್ತದೆ. ಆ ಜಾಗಕ್ಕೆ ಅವಳು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾಳೆ. ಈಗ ಊರಿನಲ್ಲಿ ನಡುಕವಿಲ್ಲದೆ ನುಡಿಸಬೇಕು ಅನ್ನುವವರೆಲ್ಲ ಅವಳ ಹತ್ತಿರ ಬರುತ್ತಾರೆ. ಯಾವ ರಚನೆ, ಯಾವ ವಾದ್ಯ, ಎಷ್ಟು ಜನ ಎಂದು ಹೇಳಿ ಹೋಗುತ್ತಾರೆ. ಅವಳು ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆಯುತ್ತಾಳೆ. ಮೇಷ್ಟ್ರಿಗೆ ಶ್ರುತಿ ತೋರಿಸುವ ಯಂತ್ರ ಕಂಡರಾಗದು. ಆದ್ದರಿಂದ ಅವಳ ಚೀಟಿಯಲ್ಲಿ ಅಂಕಿಯಿಲ್ಲ, ಯಾವ ಸ್ವರವನ್ನು ಯಾರಿಂದ ಕೇಳಿ ತಗೊಳ್ಳಬೇಕು ಅಂತಷ್ಟೇ ಇರುತ್ತದೆ. ಪ, ಚೆಲ್ಲೋದ ಸ ದಿಂದ ತಗೊಳ್ಳಿ. ರಿ, ನಿಮ್ಮ ಪ ದಿಂದ ತಗೊಳ್ಳಿ. ಹೀಗೆ.

ದ ಮಾತ್ರ ಇಬ್ಬರ ಮಾತು ಕೇಳುತ್ತದೆ. ಸ ದಿಂದ ತಗೊಂಡರೆ ಕುದುರೆ ಐವತ್ನಾಲ್ಕಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ. ಪಕ್ಕದ ತಂತಿಯ ರಿ ಯಿಂದ ತಗೊಂಡರೆ ಐವತ್ಮೂರರ ಮೇಲೆ ಮೂರು ಗೆರೆ, ತಂತಿ ಗಿಡ್ಡವಾಗಿ ದನಿ ಚೂರು ಮೇಲೆ. ನಡುವೆ ಏಳು ಮಿಲಿಮೀಟರೂ ಇಲ್ಲ. ಈ ಅಂತರಕ್ಕೇ ಮೇಷ್ಟ್ರ ಗುಂಪಿನವರು ಕೂದಲು ಅನ್ನುವುದು. ಚೆಲ್ಲೋದವರ ತಲೆ ಪೂರ್ತಿ ಬೋಳು, ‘ನನ್ನ ತಲೇಲಿ ಇಲ್ಲದ್ದು ನಿನ್ನ ಚೀಟೀಲಿ ಇದೆಯಲ್ಲಮ್ಮ’ ಅಂತ ಅವರು ಪ್ರತಿ ಸಲ ತಮಾಷೆ ಮಾಡುತ್ತಾರೆ. ಎರಡರಲ್ಲಿ ಯಾವುದು ಸರಿ ಅಂತ ಅವಳನ್ನು ಯಾರೂ ಕೇಳಿಲ್ಲ. ಕೇಳಿದರೆ ಅವಳು ಬಹುಶಃ ತಲೆಯಾಡಿಸಬಹುದು. ಸ ಹಿಡಿದು ಕೇಳಿದರೆ ಕೆಳಗಿನದೇ ಸರಿ, ಇನ್ನೊಂದು ಅಸಹ್ಯ. ರಿ ಹಿಡಿದು ಕೇಳಿದರೆ ಮೇಲಿನದೇ ಸರಿ, ಇನ್ನೊಂದು ಸೊಟ್ಟ. ಹೊಸ ರಚನೆಯಲ್ಲಿ ಎಲ್ಲರೂ ಸ ಸ್ವರದ ಮಾತು ಕೇಳಬೇಕಾಗಿತ್ತು. ಮೂರು ಚೀಟಿಯಲ್ಲಿ ಹಾಗೇ ಬರೆದಿದ್ದಳು. ‘ದ, ಚೆಲ್ಲೋದ ಸ ದಿಂದ ತಗೊಳ್ಳಿ.’ ನಾಲ್ಕನೆಯದರಲ್ಲಿ, ಚಿಕ್ಕಮ್ಮನದರಲ್ಲಿ, ತನ್ನದೇ ಗುಂಡು ಅಕ್ಷರದಲ್ಲಿ, ‘ದ, ನಿಮ್ಮ ರಿ ಯಿಂದ ತಗೊಳ್ಳಿ’ ಅಂತ ಇತ್ತು. ನಿನ್ನೆ ಮೇಷ್ಟ್ರು ಮೂರನೇ ಸಲ ಹೇಳುತ್ತಿದ್ದಾಗ ಸ್ಟ್ಯಾಂಡಿನ ಮೇಲಿದ್ದ ಆ ಚೀಟಿಯನ್ನು ಅವಳು ಸ್ಟೂಲಿನಿಂದಲೇ ಓದಿದ್ದಳು. ತಪ್ಪು ಕಣ್ಣಿಗೆ ಬಿದ್ದಿತ್ತು. ಆಗಲೇ ಮೇಷ್ಟ್ರು ಕೇಳಿದ್ದು.

ಅದನ್ನು ಹಾಗೆ ಯಾಕೆ ಬರೆದಳು? ಎಷ್ಟು ತಿರುಗಿಸಿ ನೋಡಿದರೂ ಚೀಟಿ ಬರೆದ ಆ ಮಧ್ಯಾಹ್ನ ಒಂದೇ ತರ ಕಾಣುತ್ತಿಲ್ಲ. ಮೂರು ಚೀಟಿ ಅಂಗಡಿಯಲ್ಲಿ ಬರೆದದ್ದು. ನಾಲ್ಕನೆಯದಕ್ಕೆ ಹಲಗೆಯನ್ನು ಮನೆಗೆ ತಂದಿದ್ದಳು. ಬಸ್ಸಿನಲ್ಲಿ ಯಾರದೋ ಮೊಣಕೈ ತಾಗಿ ಸ ತಂತಿ ಸಡಿಲವಾಗಿತ್ತು, ಬಿಗಿ ಮಾಡಬೇಕು ಅಂದುಕೊಂಡಿದ್ದಳು, ಮಾಡಿರಲಿಲ್ಲ. ಚಿಕ್ಕಮ್ಮ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಮಾಡಿ ನಿಂತು ವಿಯೋಲ ನುಡಿಸುತ್ತಿದ್ದಳು. ಪಾಠವೇನಲ್ಲ, ಸುಮ್ಮನೆ ಎರಡು ತಂತಿ ಕೂಡಿಸಿ ಕಮಾನು ಎಳೆಯುವುದು, ರಿ ಮತ್ತು ದ, ರಿ ಮತ್ತು ದ. ಅವಳು ಈ ಮನೆಗೆ ಬಂದ ಐದನೇ ವಯಸ್ಸಿನಿಂದ, ಅಮ್ಮ ಇಲ್ಲ ಅನ್ನುವುದು ಏನು ಅಂತ ಇನ್ನೂ ತಿಳಿಯುವ ಮೊದಲೇ, ಆ ಎರಡು ತಂತಿ ಕೂಡುವ ದನಿಗೇ ನಿದ್ದೆಹೋದವಳು. ಕೈ ಕುದುರೆಯನ್ನು ಜಾರಿಸಿತು. ಎಲ್ಲೋ ಒಂದು ಕಡೆ ನಡುಕ ನಿಂತಿತು. ಬರೆದಳು. ಅಂದರೆ ಸ ಇಲ್ಲವೇ ಇಲ್ಲದ ಕೋಣೆಯಲ್ಲಿ ಅವಳು ಹಲಗೆಯನ್ನು ಚಿಕ್ಕಮ್ಮನಿಗೇ ಕೂಡಿಸಿಬಿಟ್ಟಿದ್ದಳು. ಅದು ಮರೆವೇ? ಅಥವಾ ಬರೆಯುವಾಗ ಗೊತ್ತಿತ್ತೇ, ಚಿಕ್ಕಮ್ಮನ ದನಿಯನ್ನು ಬೇರೆ ಮೂವರಿಗಾಗಿ ಕೆಳಗಿಳಿಸಲು ಕೈ ಬರಲಿಲ್ಲವೇ? ಒಂದು ಕ್ಷಣ ಗೊತ್ತಿತ್ತು ಅನ್ನಿಸುತ್ತದೆ, ಇನ್ನೊಂದು ಕ್ಷಣ ಅದು ಈಗ ತಾನೇ ಕಟ್ಟಿಕೊಳ್ಳುತ್ತಿರುವ ನೆಪ ಅನ್ನಿಸುತ್ತದೆ. ಗೊತ್ತಿದ್ದು ಮಾಡಿದ್ದಾದರೆ ಪ್ರೀತಿ, ಗೊತ್ತಿಲ್ಲದೆ ಮಾಡಿದ್ದಾದರೆ ತಪ್ಪು. ಮೇಷ್ಟ್ರಿಗೆ ಎರಡೂ ಒಂದೇ. ಇವತ್ತು ಹನ್ನೊಂದಕ್ಕೆ ವಿಯೋಲ ನುಡಿಸುವ ಹೊಸಬಳೊಬ್ಬಳು ಬಂದು ಕೂತು ಕೇಳುತ್ತಾಳೆ, ಬೇಕಾದರೆ ನುಡಿಸುತ್ತಾಳೆ ಅಂತ ಹೇಳಿ ಕಳಿಸಿದ್ದಾರೆ.

ಈಗ ಬಟ್ಟೆ ತೆಳು ತಂತಿಗೆ ಬಂದಿತ್ತು. ತಂತಿಯ ಬುಡದಲ್ಲಿ ಪುಟ್ಟ ತಿರುಪು. ಅಂಗಡಿಯಲ್ಲಿ ಸಾವಿರ ಸಲ ತಿರುಗಿಸಿದ ಬೆರಳುಗಳಿಗೆ ಗೊತ್ತು, ಈ ತರದ ತಂತಿಗೆ ಒಂದು ಕೂದಲು ಅಂದರೆ ಕಾಲು ಸುತ್ತು. ಒಳಗೆ ಹೋಗಿ, ‘ಚಿಕ್ಕಮ್ಮ, ಚೀಟಿ ತಪ್ಪಿದೆ’ ಅನ್ನಬೇಕಾದದ್ದು. ನಾಲ್ಕು ಹೆಜ್ಜೆ. ಹಾಗಂದರೆ ಚಿಕ್ಕಮ್ಮ ಕೇಳುತ್ತಾಳೆ, ‘ಹಾಗಾದ್ರೆ ನಿನ್ನೆ ಯಾಕೆ ತಲೆ ಆಡಿಸ್ದೆ?’ ಅದಕ್ಕೆ ಏನು ಹೇಳುವುದು? ನಿನ್ನೆ ಮೇಷ್ಟ್ರು ಕಿವಿ ಹೋಯ್ತು ಅಂದಾಗ ಚಿಕ್ಕಮ್ಮ ಅವಳ ಕಡೆ ನೋಡಿದ್ದಳು. ಚೀಟಿಯ ಕಡೆಯೂ ನೋಡಿದ್ದಳು. ಎತ್ತಿ ತೋರಿಸಿ, ‘ಇದರಲ್ಲಿ ಹೀಗಿದೆ, ನಾನು ಹಾಗೇ ಮಾಡಿದ್ದೇನೆ’ ಅನ್ನಬಹುದಿತ್ತು. ಅನ್ನದೆ ಅದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಜೇಬಿಗೆ ತಳ್ಳಿದ್ದಳು. ತಿರುಪು ತಿರುಗಿಸಿದರೆ ಸಾಕಲ್ಲ. ತಂತಿ ತಾನೇ ಸರಿಯಾಗಿ ಮಾತಾಡುತ್ತದೆ, ಮೇಷ್ಟ್ರು, ‘ಹಾಂ, ಇವತ್ತು ಸರಿ ಇದೆ’ ಅನ್ನುತ್ತಾರೆ, ಹೊಸಬಳು ಎದ್ದು ಹೋಗುತ್ತಾಳೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಬೆರಳು ತಿರುಪನ್ನು ಕಾಲು ಸುತ್ತು ಸಡಿಲಿಸಿತು. ಮೀಟಿ ನೋಡಲಿಲ್ಲ. ಸದ್ದಾಗುತ್ತದೆ. ಫ್ರಿಜ್ಜು ಒಮ್ಮೆ ಗಡಗಡ ನಡುಗಿ ಸುಮ್ಮನಾಯಿತು. ಅವಳು ಪೆಟ್ಟಿಗೆ ಮುಚ್ಚಿದಳು.

ದಾರಿಯಲ್ಲಿ ಪೆಟ್ಟಿಗೆಯನ್ನು ಅವಳೇ ಹಿಡಿದುಕೊಂಡಿದ್ದಳು. ಚಿಕ್ಕಮ್ಮ ಅಭ್ಯಾಸದ ದಿನ ಮಾತ್ರ ಹಾಕುವ ಕಂದು ಚಪ್ಪಲಿ ಹಾಕಿಕೊಂಡಿದ್ದಳು. ಸಿಗ್ನಲ್ಲಿನ ಹತ್ತಿರ ಇಬ್ಬರೂ ನಿಂತಾಗ ಚಿಕ್ಕಮ್ಮ ಇದ್ದಕ್ಕಿದ್ದಂತೆ, ‘ಬಾಗಿಲು ಹಾಕಿದ್ಯಾ?’ ಅಂದಳು.

‘ಹಾಕ್ದೆ.’

‘ಗ್ಯಾಸು?’

‘ಅದೂ.’

‘ರಾತ್ರಿಯೆಲ್ಲ ಯೋಚನೆ ಮಾಡ್ದೆ ಕಣೆ’ ಅಂದಳು ಚಿಕ್ಕಮ್ಮ, ಎದುರಿನ ಕೆಂಪು ದೀಪವನ್ನೇ ನೋಡುತ್ತ. ‘ಮೇಷ್ಟ್ರು ಸುಮ್ಸುಮ್ನೆ ಹೇಳೋರಲ್ಲ. ನನಗೆ ಸರಿ ಅನ್ಸೋದು, ಅವರಿಗೆ ತಪ್ಪು ಅನ್ಸೋದು ಅಂದ್ರೆ… ಆ ಕುರ್ಚಿ ಬಿಟ್ರೆ ನನಗೇನಿದೆ ಹೇಳು. ಬೆಳಿಗ್ಗೆ ಎದ್ದು ಕಿಟಕೀಲಿ ಕೂತ್ಕೋಬೇಕು, ಹೋಗೋ ಬರೋ ಬಸ್ಸು ಎಣಿಸ್ಕೊಂಡು.’

ಈಗ ಹೇಳಬೇಕು ಅಂತ ಅವಳು ಉಸಿರು ತೆಗೆದುಕೊಂಡಳು. ಮಾತು ನಾಲಿಗೆಯ ಮೇಲಕ್ಕೂ ಬಂತು. ಆದರೆ ಹೇಳುವುದಕ್ಕೆ ಈಗ ಎರಡಾಗಿತ್ತು. ಚೀಟಿ ತಪ್ಪಿದ್ದು ಒಂದು, ತಿರುಪು ತಿರುಗಿಸಿದ್ದು ಇನ್ನೊಂದು. ಯಾವುದರಿಂದ ಶುರುಮಾಡಬೇಕು ಅಂತ ಯೋಚಿಸುವಷ್ಟರಲ್ಲಿ ದೀಪ ಹಸಿರಾಯಿತು, ಹಿಂದಿನವರು ತಳ್ಳಿದರು, ಚಿಕ್ಕಮ್ಮ ಚಪ್ಪಲಿಯ ಕಡೆ ಗಮನವಿಟ್ಟು ದಾಟಿದಳು. ದಾಟಿದ ಮೇಲೆ ಅದು ಹಳೆಯ ಮಾತಾಗಿಬಿಟ್ಟಿತ್ತು. ಅಲ್ಲದೆ ಈಗ ಸರಿಯಾಗಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡಳು. ಪೆಟ್ಟಿಗೆ ಇದ್ದಕ್ಕಿದ್ದಂತೆ ಹಗುರವಾದಂತೆ ಅನ್ನಿಸಿ, ಹಾಗನ್ನಿಸಿದ್ದಕ್ಕೇ ನಾಚಿಕೆಯಾಯಿತು.

ಹಾಲಿನ ಕೆಳಗಡೆ ಹೊಲಿಗೆ ಕಲಿಸುವ ಕ್ಲಾಸು. ಹತ್ತು ಹನ್ನೆರಡು ಮೆಷೀನುಗಳ ಕಟಕಟ ನೆಲದೊಳಗಿಂದ ಕಾಲಿಗೆ ಹತ್ತುತ್ತದೆ. ಮೆಟ್ಟಿಲ ಬಾಯಲ್ಲೇ ಚೆಲ್ಲೋದವರು, ‘ಬಂದ್ರಪ್ಪಾ ಕೂದಲು ವ್ಯಾಪಾರದವರು’ ಅಂದರು. ಚಿಕ್ಕಮ್ಮ ನಗಲು ನೋಡಿದಳು. ಹೊಸಬಳು ನಿನ್ನೆ ಅವಳು ಕೂತಿದ್ದ ಸ್ಟೂಲನ್ನೇ ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದಳು. ಪೆಟ್ಟಿಗೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಅದರ ಮೇಲಿನ ಯಾವುದೋ ಹಳೆಯ ಲೇಬಲನ್ನು ಉಗುರಿನಿಂದ ಕೆರೆಯುತ್ತಿದ್ದಳು. ಒಳ್ಳೆಯ ಹುಡುಗಿಯ ಹಾಗೆ ಕಂಡಳು. ಅದೇ ಹಿಂಸೆಯಾಯಿತು. ಕೂರಲು ಜಾಗವಿಲ್ಲದೆ ಅವಳು ಗೋಡೆಗೊರಗಿ ನಿಂತಳು. ಎರಡನೇ ಪಿಟೀಲಿನವರು ಯಾರ ಕಡೆಯೂ ನೋಡದೆ ಕಮಾನಿಗೆ ರಾಳ ತಿಕ್ಕುತ್ತಿದ್ದರು. ಎಷ್ಟೋ ಹೊತ್ತು ತಿಕ್ಕಿದರು.

‘ಸ ಕೊಡಿ’ ಅಂದರು ಮೇಷ್ಟ್ರು.

ಚೆಲ್ಲೋದವರು ದಪ್ಪ ತಂತಿಯ ಮೇಲೆ ಕಮಾನು ಇಟ್ಟು ಎಳೆದರು. ಸ ಹಾಲಿನ ತುಂಬ ನೆಲಕ್ಕಿಂತ ಗಟ್ಟಿಯಾಗಿ ಹರಡಿತು. ಮೇಷ್ಟ್ರು ತಗೊಂಡರು, ಎರಡನೇ ಪಿಟೀಲಿನವರು ತಗೊಂಡರು. ಚಿಕ್ಕಮ್ಮ ಚೀಟಿಯನ್ನು ಹೊರಗೆ ತೆಗೆಯಲೇ ಇಲ್ಲ. ಕಮಾನನ್ನೂ ಎತ್ತಲಿಲ್ಲ. ವಿಯೋಲವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ತೆಳು ತಂತಿಯ ತಿರುಪನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು, ಕಹಿ ಔಷಧಿ ಕುಡಿಯುವವಳ ಹಾಗೆ ಕಾಲು ಸುತ್ತು ಇಳಿಸಿದಳು.

ಗೋಡೆಗೊರಗಿದ್ದವಳು ನೆಟ್ಟಗಾದಳು. ಚಿಕ್ಕಮ್ಮ ರಾತ್ರಿಯೆಲ್ಲ ಯೋಚಿಸಿದ್ದು ಇದನ್ನೇ. ಒಂದು ಕೂದಲು ಮೇಲಿದೆ ಅಂತ ಮೂರು ಸಲ ಹೇಳಿದ್ದಾರೆ, ಹಾಗಾದರೆ ಒಂದು ಕೂದಲು ಇಳಿಸಿದರಾಯಿತು. ತನ್ನ ಕಿವಿಯನ್ನು ಕೇಳುವುದು ಬೇಡ, ಅದು ಸುಳ್ಳು ಹೇಳುತ್ತದೆ. ಬೇಡ ಚಿಕ್ಕಮ್ಮ, ನಾನು ಆಗಲೇ ಇಳಿಸಿದ್ದೀನಿ, ಅಂತ ಕೂಗಬೇಕು. ಬಾಯಿ ತೆರೆದೂ ತೆರೆದಳು. ತೆರೆದ ಬಾಯಿಯೊಳಗೆ ಹೊಲಿಗೆ ಮೆಷೀನುಗಳ ಕಟಕಟ ಬಿಟ್ಟರೆ ಬೇರೇನೂ ಇರಲಿಲ್ಲ. ಹೊಸಬಳು ತಲೆಯೆತ್ತಿ ಅವಳ ಆ ಬಾಯನ್ನೇ ನೋಡಿದಳು. ಅವಳು ಆಕಳಿಕೆ ಬಂದವಳಂತೆ ಕೈ ಅಡ್ಡ ಹಿಡಿದುಕೊಂಡಳು. ಅಷ್ಟರಲ್ಲಿ ಮೇಷ್ಟ್ರ ಕಮಾನು ಎದ್ದು ಇಳಿದಿತ್ತು, ರಚನೆ ಶುರುವಾಗಿಬಿಟ್ಟಿತ್ತು. ಮೊದಲ ಪುಟದಲ್ಲಿ ವಿಯೋಲಕ್ಕೆ ದಪ್ಪ ತಂತಿಗಳದ್ದೇ ಕೆಲಸ. ಎಲ್ಲ ಚೆನ್ನಾಗಿತ್ತು, ಬೇಕೆಂದೇ ಚೆನ್ನಾಗಿದ್ದ ಹಾಗೆ. ಇನ್ನೂ ನಿಲ್ಲಿಸಬಹುದು, ಇನ್ನೂ ನಿಲ್ಲಿಸಬಹುದು ಅಂದುಕೊಳ್ಳುತ್ತ ಅವಳು ತಾಳ ಎಣಿಸಿದಳು. ಪಿಟೀಲುಗಳು ನಿಂತವು. ಸ ಒಂದೇ ಉಳಿಯಿತು. ಅದರ ಮೇಲೆ ಚಿಕ್ಕಮ್ಮನ ದ ಬಂದು ಕೂತಿತು, ಕೂರಲಾರದೆ ಕೂತಿತು. ನಡುಕ, ಸಣ್ಣ ಮೋಟಾರಿನಂಥ ನಡುಕ. ಕಿಟಕಿಯ ಗಾಜೊಂದು ಅದಕ್ಕೆ ಸರಿಯಾಗಿ ಝರ್ರೆಂದಿತು. ಎಂಟು ಎಣಿಸುವವರೆಗೂ ಚಿಕ್ಕಮ್ಮ ಕಮಾನು ಎಳೆದಳು. ಹುಬ್ಬು ಗಂಟಿಕ್ಕಿತ್ತು, ಆದರೂ ಎಳೆದಳು.

ಮೇಷ್ಟ್ರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು, ಬಹಳ ಮೆತ್ತಗೆ, ‘ನಿನ್ನೆ ಮೇಲಿತ್ತು. ಇವತ್ತು ಕೆಳಗಿದೆ. ಸರಿಯಾದ್ದು ಎಲ್ಲಿದೆ ಅಂತ ನಿಮಗೆ ಕೇಳಿಸ್ತಾನೇ ಇಲ್ಲಮ್ಮ’ ಅಂದರು. ‘ಹತ್ತೊಂಬತ್ತು ವರ್ಷ. ಸಣ್ಣ ಮಾತಲ್ಲ. ನಿಮ್ಮ ಉಪಕಾರ ನಾನು ಮರೆಯೋನಲ್ಲ.’ ಆಮೇಲೆ ಕಿಟಕಿಯ ಕಡೆ, ‘ಬಾಮ್ಮ’ ಅಂದರು.

ಹೊಸಬಳು ಏಳಲೋ ಬೇಡವೋ ಎಂಬಂತೆ ಅರ್ಧ ಎದ್ದಳು. ಚಿಕ್ಕಮ್ಮ ಕಮಾನಿನ ತುದಿಯ ತಿರುಪು ಬಿಚ್ಚಿ ಕೂದಲು ಸಡಿಲ ಮಾಡತೊಡಗಿದಳು, ಕೆಲಸ ಮುಗಿದ ಮೇಲೆ ದಿನವೂ ಮಾಡುವ ಹಾಗೆ. ಕುರ್ಚಿಯ ಕಾಲಿನ ಕೆಳಗಿದ್ದ ರಟ್ಟನ್ನು ತೆಗೆದುಕೊಂಡು ಹೋಗಬೇಕೋ ಇಲ್ಲೇ ಬಿಡಬೇಕೋ ಎಂಬಂತೆ ಒಮ್ಮೆ ಬಗ್ಗಿ ನೋಡಿದಳು.

‘ಚೀಟಿ’ ಅಂದಳು ಅವಳು.

ಎಲ್ಲರೂ ತಿರುಗಿದರು. ತನ್ನ ದನಿ ಈ ಹಾಲಿನಲ್ಲಿ ಹೇಗಿರುತ್ತದೆ ಅಂತ ಅವಳಿಗೇ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಗೊಗ್ಗರಾಗಿತ್ತು, ಬೇರೆ ಯಾರದೋ ಹಾಗಿತ್ತು. ‘ಚಿಕ್ಕಮ್ಮನ ಚೀಟಿ ತಪ್ಪು. ನಿಮಗೆಲ್ಲ ಸ ದಿಂದ ಅಂತ ಬರೆದೆ, ಅವಳಿಗೆ ರಿ ಯಿಂದ ಅಂತ. ನಿನ್ನೆ ಮೇಲಿದ್ದದ್ದು ನನ್ನ ತಪ್ಪು. ಬೆಳಿಗ್ಗೆ ನಾನು ಇಳಿಸ್ದೆ. ಯಾರಿಗೂ ಹೇಳದೇನೇ ಇಳಿಸ್ದೆ. ಈಗ ಅವಳೂ ಇಳಿಸಿದ್ದಾಳೆ. ಕೆಳಗಿರೋದೂ ನಂದೇ.’

‘ನಿನ್ನೆ ಕೇಳಿದೆನಲ್ಲ ನಾನು’ ಅಂದರು ಮೇಷ್ಟ್ರು. ‘ಸರಿ ಇದೆ ಅಂತ ತಲೆ ಆಡಿಸ್ದೆ ತಾನೇ?’

ಅವಳು ತಲೆಯಾಡಿಸಿದಳು.

‘ಅಲ್ಲಮ್ಮ, ಚಿಕ್ಕಮ್ಮನ ಮೇಲೆ ಪ್ರೀತಿ ಇರಬೇಕು, ಸರಿ. ಅದಕ್ಕೆ ಅಂತ ತಪ್ಪನ್ನ ನಿನ್ನ ಮೇಲೆ ಹಾಕ್ಕೊಂಡ್ರೆ…’

‘ಚೀಟಿ ನೋಡಿ’ ಅಂದಳು. ಗೋಡೆಯ ಬುಡದಲ್ಲಿಟ್ಟಿದ್ದ ಪೆಟ್ಟಿಗೆಯ ಜೇಬಿಗೆ ಕೈ ಹಾಕಿದಳು. ಜೇಬು ಖಾಲಿಯಿತ್ತು. ರಾಳದ ಒಂದು ಚೂರು, ಒಂದು ಹಳೆಯ ತಂತಿಯ ಸುರುಳಿ, ಅಷ್ಟೇ. ಅವಳು ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮ ಕಮಾನನ್ನೇ ನೋಡುತ್ತಿದ್ದಳು.

‘ಹರಿದುಹಾಕ್ದೆ’ ಅಂದಳು ಚಿಕ್ಕಮ್ಮ. ‘ಯಾರ ಕಣ್ಣಿಗಾದ್ರೂ ಬಿದ್ದು, ಇವಳಿಗೆ ಚೀಟಿ ಬರೆಯೋಕೆ ಬರಲ್ಲ ಅಂತ ಆದ್ರೆ ಅಂತ.’ ಮತ್ತೆ, ಇನ್ನೂ ಮೆತ್ತಗೆ, ‘ಈಗ ನುಡಿಸ್ತಾ ಇರುವಾಗ ನನಗೂ ತಪ್ಪು ಅಂತಲೇ ಕೇಳಿಸ್ತು ಮರಿ. ನನ್ನ ಕಿವಿನ ನಾನೇ ನಂಬಲಿಲ್ಲ.’

ಕೆಳಗಿನ ಮೆಷೀನುಗಳು ಒಂದೊಂದಾಗಿ ನಿಂತವು. ಅವರ ಬಿಡುವಿನ ಹೊತ್ತಿರಬೇಕು. ನೆಲದ ಕಟಕಟ ಇಲ್ಲದಾದಾಗ ಹಾಲು ಇದ್ದಕ್ಕಿದ್ದಂತೆ ದೊಡ್ಡದಾಯಿತು. ಮೇಷ್ಟ್ರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಎದುರಿನ ಪುಟಗಳನ್ನು ಜೋಡಿಸುತ್ತಿದ್ದರು, ಜೋಡಿಸಿದ್ದನ್ನೇ ಜೋಡಿಸುತ್ತಿದ್ದರು. ಅವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಹೊಸಬಳು ಕೂರಲೂ ಇಲ್ಲ, ಮುಂದೆ ಬರಲೂ ಇಲ್ಲ. ಅವಳು ಗೋಡೆ ಬಿಟ್ಟು ಬಂದು ಚಿಕ್ಕಮ್ಮನ ತೊಡೆಯಿಂದ ವಿಯೋಲ ತೆಗೆದುಕೊಂಡಳು. ಚಿಕ್ಕಮ್ಮ ಬಿಟ್ಟಳು. ಮರ ಬೆಚ್ಚಗಿತ್ತು. ಕಾಲು ಸುತ್ತು ಏರಿಸಿದರೆ ಆಯಿತು, ಬೆರಳಿಗೆ ಗೊತ್ತು. ಆದರೆ ಬೆರಳಿಗೆ ಗೊತ್ತಿದ್ದು ಬೆಳಿಗ್ಗೆಯೇ ಮುಗಿದಿತ್ತು. ಈಗ ಎಲ್ಲರೂ ಕೇಳುವ ಹಾಗೆ ತಗೊಳ್ಳಬೇಕು, ಮೊದಲಿನಿಂದ, ಯಾರಿಂದ ತಗೊಳ್ಳಬೇಕೋ ಅವರಿಂದಲೇ. ತಿರುಪಿನ ಮೇಲೆ ಬೆರಳಿಟ್ಟು, ವಿಯೋಲವನ್ನು ಕಿವಿಗೆ ಹತ್ತಿರ ಹಿಡಿದು ಅವಳು ಚೆಲ್ಲೋದವರ ಕಡೆ ನೋಡಿದಳು. ಅವರ ಕಮಾನು ತಂತಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಅವರು ಮೇಷ್ಟ್ರ ಕಡೆ ನೋಡುತ್ತಿದ್ದರು.

‘ಮಾಮ,’ ಅಂದಳು ಚೆಲ್ಲೋದವರಿಗೆ, ‘ಒಂದ್ಸಲ ಸ ಕೊಡಿ.’